ಮೂವತ್ತೊಂದು ಸ್ಟ್ರಾಬೆರಿಗಳ ಲೆಕ್ಕ

ಕಳೆದ ಚಳಿಗಾಲದಲ್ಲಿ ಬೊರಿವಲಿಯ ನಮ್ಮ ಮೂರನೆಯ ಮಹಡಿಯ ಮನೆಯ ಕಿಟಕಿಯ ಗ್ರಿಲ್ಲಿನಲ್ಲಿ ನಾವು ಮೂವತ್ತೊಂದು ಸ್ಟ್ರಾಬೆರಿ ಹಣ್ಣುಗಳನ್ನು ಬೆಳೆದೆವು. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ವರ್ಷಗಳನ್ನು ಕಳೆದವರಿಗೆ ಎಲ್ಲವನ್ನೂ ಬರೆದಿಡುವ ಚಟ ಬಿಡುವುದಿಲ್ಲ. ಎಂಟು ಸಸಿಗಳಿಗೆ 320 ರೂಪಾಯಿ, ಕುಂಡಗಳಿಗೆ 720, ಕೆಮ್ಮಣ್ಣು, ಎರೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಗೆ 480, ಪಾರಿವಾಳಗಳನ್ನು ತಡೆಯುವ ಬಲೆಗೆ 350, ಚಿತ್ರ ಬರೆಯುವ ಒಂದು ಸಣ್ಣ ಕುಂಚಕ್ಕೆ 20. ಒಟ್ಟು 1,890 ರೂಪಾಯಿ. ಭಾಗಿಸಿ ನೋಡಿದರೆ ಹಣ್ಣೊಂದಕ್ಕೆ ಸುಮಾರು 61 ರೂಪಾಯಿ ಬಿದ್ದಿತ್ತು.

ಈ ಲೆಕ್ಕವನ್ನು ಸಾಹಿತ್ಯಾಸಕ್ತ ಗೆಳೆಯರ ಕೂಟವೊಂದರಲ್ಲಿ ತಮಾಷೆಗೆಂದು ಒಪ್ಪಿಸಿದಾಗ ಹಿರಿಯರೊಬ್ಬರು ನಕ್ಕು ಹೇಳಿದರು: “ಅಷ್ಟು ದುಡ್ಡಿಗೆ ಸ್ಟೇಷನ್ನಿನ ಹೊರಗೆ ಇಪ್ಪತ್ತಮೂರು ಡಬ್ಬಿ ಬರುತ್ತಿತ್ತಲ್ಲ ಮಾರಾಯ್ರೇ!” ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಹಿಂದಿರುಗುವ ಲೋಕಲಿನಲ್ಲಿ ಆ ಮಾತು ನಮ್ಮನ್ನು ಬಿಡಲಿಲ್ಲ. ಹಣ್ಣು ಬೇಕಾಗಿದ್ದರೆ ಡಬ್ಬಿಯೇ ಸಾಕಿತ್ತು. ಹಾಗಾದರೆ ನಾಲ್ಕು ತಿಂಗಳು ನಾವು ಬೆಳೆದದ್ದಾದರೂ ಏನನ್ನು? ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮುಂಬಯಿಯಲ್ಲಿ ಕನ್ನಡಿಗರ ಮನೆಯನ್ನು ಹೊರಗಿನಿಂದಲೇ ಗುರುತಿಸಬಹುದೆಂದು ನಾವು ಎಷ್ಟೋ ಸಲ ಅಂದುಕೊಂಡಿದ್ದೇವೆ. ಕಟ್ಟಡದ ಕಿಟಕಿಗಳಿಂದ ಹೊರಗೆ ಚಾಚಿಕೊಂಡ ಕಬ್ಬಿಣದ ಗ್ರಿಲ್ಲಿನಲ್ಲಿ ತುಳಸಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಪಕ್ಕದಲ್ಲಿ ಬಸಳೆಯ ಬಳ್ಳಿ ಸರಳುಗಳನ್ನು ಸುತ್ತಿಕೊಂಡಿದ್ದರೆ, ಪತ್ರೊಡೆಗಾಗುವಷ್ಟು ಕೆಸುವಿನೆಲೆ ತಲೆಯಾಡಿಸುತ್ತಿದ್ದರೆ, ಕಡುಬು ಕಟ್ಟಲು ಅರಸಿನದ ಎಲೆ ಎದ್ದು ನಿಂತಿದ್ದರೆ, ಅದು ಕರಾವಳಿಯಿಂದ ಬಂದ ಸಂಸಾರ. ನಮ್ಮ ಮನೆಯ ಗ್ರಿಲ್ ಕೂಡ ಹೀಗೆಯೇ ಇತ್ತು. ಅದರ ಒಡತಿ ನಮ್ಮ ತಾಯಿ. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಗದ್ದೆ, ತೋಟ, ಮಲ್ಲಿಗೆಯ ಸಾಲುಗಳ ನಡುವೆ ಬದುಕಿದ ಅವರು ತಂದೆಯವರ ನಿಧನದ ಬಳಿಕ ನಮ್ಮಲ್ಲಿಗೆ ಬಂದರು. ಬರುವಾಗ ಸೀರೆಗಳ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ಎರಡು ತುಂಡು ದಂಟುಗಳನ್ನೂ ತಂದಿದ್ದರು. ಊರಿನ ಗದ್ದೆಯನ್ನು ಈಗ ಯಾರೂ ಉಳುವುದಿಲ್ಲ. ಅವರ ಪಾಲಿಗೆ ಉಳಿದ ಕೃಷಿಭೂಮಿಯೆಂದರೆ ಆರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಆ ಗ್ರಿಲ್.

ಅಂಥ ಜಾಗಕ್ಕೆ ಸ್ಟ್ರಾಬೆರಿ ಬಂದದ್ದು ನಮ್ಮ ಮಗಳ ಹಟದಿಂದ. ಅಜ್ಜಿಯ ಆಕ್ಷೇಪಣೆ ಸ್ಪಷ್ಟವಾಗಿತ್ತು: “ಬಸಳೆ ಹಾಕಿದ್ರೆ ವಾರಕ್ಕೊಂದ್ ಪದಾರ್ಥ ಆತ್ತ್. ಇದ್ ಎಂತಕ್ಕೆ?” ಈ ಪ್ರಶ್ನೆಯೂ ಕೂಟದ ಹಿರಿಯರ ಪ್ರಶ್ನೆಯೂ ಒಂದೇ.

ಮೊದಲ ವರ್ಷ ನಾವು ಮೋಸಹೋದೆವು. ಅಂತರಜಾಲದಲ್ಲಿ ಬೀಜದ ಪೊಟ್ಟಣವೊಂದು ಕಂಡಿತು. ಮೇಲಿನ ಚಿತ್ರದಲ್ಲಿ ನೀಲಿ ಬಣ್ಣದ ಸ್ಟ್ರಾಬೆರಿಗಳು ಹೊಳೆಯುತ್ತಿದ್ದವು. ತರಿಸಿ ಬಿತ್ತಿದೆವು. ಮೊಳೆತದ್ದು ಯಾವುದೋ ಕಳೆಯ ಗಿಡ. ನೀಲಿ ಸ್ಟ್ರಾಬೆರಿ ಎಂಬ ತಳಿ ಲೋಕದಲ್ಲಿಯೇ ಇಲ್ಲವೆಂಬುದು ಆಮೇಲೆ ತಿಳಿಯಿತು. ಕೆಂಪು ಹಣ್ಣಿನ ನಿಜವಾದ ಬೀಜವನ್ನೇ ಬಿತ್ತಿದರೂ ಹುಟ್ಟುವ ಗಿಡ ತಾಯಿಯ ಗುಣವನ್ನು ಯಥಾವತ್ತಾಗಿ ತರುವುದಿಲ್ಲ. ಆದುದರಿಂದ ಕೃಷಿಕರು ಸಾಮಾನ್ಯವಾಗಿ ಬೀಜದಿಂದ ಬೆಳೆಯುವುದಿಲ್ಲ, ಸಸಿಯನ್ನೇ ನೆಡುತ್ತಾರೆ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವರಿಗೆ ಓದಿ ತಿಳಿಯಬಲ್ಲೆವೆಂಬ ಅಹಂಕಾರ ಸ್ವಲ್ಪ ಇರುತ್ತದೆ. ಆ ಖಾಲಿ ಕುಂಡ ಅದನ್ನು ಒಂದಿಷ್ಟು ಇಳಿಸಿತು.

ಆದರೂ ಓದಿನ ಚಟ ಎಲ್ಲಿ ಹೋದೀತು? ಷೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ನಾಟಕದಲ್ಲಿ ಒಂದು ವಿಚಿತ್ರ ಸನ್ನಿವೇಶವಿದೆ. ಸಭೆಯ ನಡುವೆಯೇ ಒಬ್ಬನ ತಲೆ ಕಡಿಸಲಿರುವ ಗ್ಲಾಸ್ಟರಿನ ಡ್ಯೂಕ್, ಅದಕ್ಕೆ ಸ್ವಲ್ಪ ಮೊದಲು, ಲಂಡನ್ನಿನಲ್ಲಿರುವ ನಿಮ್ಮ ತೋಟದ ಸ್ಟ್ರಾಬೆರಿ ತರಿಸಿ ಎಂದು ಈಲಿಯ ಬಿಷಪ್ಪರನ್ನು ಕೇಳುತ್ತಾನೆ. ಓದುವ ದಿನಗಳಲ್ಲಿ ಇದನ್ನು ಕ್ರೌರ್ಯದ ಮೇಲಿನ ಸೌಜನ್ಯದ ಲೇಪವೆಂದು ಟಿಪ್ಪಣಿ ಬರೆದಿದ್ದೆವು. ಈಗ ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ: ಮಹಾನಗರದ ನಡುವೆ ಮನೆಯ ತೋಟದಲ್ಲಿ ಸ್ಟ್ರಾಬೆರಿ ಬೆಳೆಯುವ ಹುಚ್ಚು ಇಂದಿನದಲ್ಲ!

ಬಿಷಪ್ಪರ ತೋಟದ ಹಣ್ಣಾದರೂ ನಾವಿಂದು ತಿನ್ನುವ ಹಣ್ಣಾಗಿರಲಿಲ್ಲ. ಯುರೋಪಿನ ಕಾಡುಗಳಲ್ಲಿ ಬೆಳೆಯುವ ಉಗುರಿನಷ್ಟೇ ದೊಡ್ಡ ಜಾತಿಯದು. ಇಂದಿನ ಸ್ಟ್ರಾಬೆರಿಯ ಜನನವೃತ್ತಾಂತ ಹೊರನಾಡಿನಲ್ಲಿರುವ ನಮ್ಮಂಥವರಿಗೆ ಹತ್ತಿರವಾದದ್ದು. 1714ರಲ್ಲಿ ಅಮೆದೆ ಫ್ರಾನ್ಸ್ವಾ ಫ್ರೆಜಿಯೆ ಎಂಬ ಫ್ರೆಂಚ್ ಸೇನಾ ಅಭಿಯಂತರ, ದಕ್ಷಿಣ ಅಮೆರಿಕದ ಕೋಟೆಗಳ ಗೂಢಚರ್ಯೆ ಮುಗಿಸಿ ಹಿಂದಿರುಗುವಾಗ, ಚಿಲಿಯಿಂದ ದೊಡ್ಡ ಹಣ್ಣಿನ ಐದು ಗಿಡಗಳನ್ನು ಹಡಗಿನಲ್ಲಿ ಕಾಪಾಡಿಕೊಂಡು ಬಂದ. ಅವು ಹೂಬಿಟ್ಟವು, ಹಣ್ಣು ಕೊಡಲಿಲ್ಲ. ಏಕೆಂದರೆ ಅವೆಲ್ಲ ಹೆಣ್ಣು ಗಿಡಗಳಾಗಿದ್ದವು. ಬ್ರಿಟನಿ ಪ್ರಾಂತದಲ್ಲಿ ಉತ್ತರ ಅಮೆರಿಕದ ವರ್ಜೀನಿಯ ಜಾತಿಯ ಗಿಡಗಳ ನೆರೆಯಲ್ಲಿ ಅವುಗಳನ್ನು ನೆಟ್ಟ ಮೇಲೆಯೇ ಅವು ಫಲಿಸಿದ್ದು. ಆ ಎರಡು ಕುಲಗಳ ಬೆರಕೆಯೇ ಈ ಹಣ್ಣೆಂದು ಅಂತ್ವಾನ್ ನಿಕೊಲಾ ದ್ಯುಶೆನ್ ಎಂಬ ತರುಣ ಸಸ್ಯಶಾಸ್ತ್ರಜ್ಞ 1766ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದ. ಅಂದರೆ ಜಗತ್ತೆಲ್ಲ ತಿನ್ನುವ ಸ್ಟ್ರಾಬೆರಿ ತನ್ನ ತಾಯಿಯ ನೆಲದಲ್ಲೂ ಹುಟ್ಟಲಿಲ್ಲ, ತಂದೆಯ ನೆಲದಲ್ಲೂ ಹುಟ್ಟಲಿಲ್ಲ.

ಎರಡನೆಯ ವರ್ಷ ನವೆಂಬರಿನಲ್ಲಿ ಮಹಾಬಳೇಶ್ವರದ ಕಡೆಯಿಂದ ಬಂದ ‘ವಿಂಟರ್ ಡಾನ್’ ತಳಿಯ ಎಂಟು ಸಸಿಗಳನ್ನು ನರ್ಸರಿಯಿಂದ ತಂದೆವು. ಬೆಚ್ಚನೆಯ ಚಳಿಗಾಲಕ್ಕೆಂದು ಫ್ಲೋರಿಡಾ ವಿಶ್ವವಿದ್ಯಾಲಯ ರೂಪಿಸಿದ ತಳಿ ಅದು. ಈ ಗಿಡದ ಸ್ವಭಾವ ಹೀಗಿದೆ: ಹಗಲು ಕಿರಿದಾಗಿ ರಾತ್ರಿ ತಂಪಾದರೆ ಮೊಗ್ಗು ಕಟ್ಟುತ್ತದೆ, ಹಗಲು ಬೆಳೆದು ಬಿಸಿಲೇರಿದರೆ ಹೂವನ್ನು ಮರೆತು ಹಂಬು ಚಾಚುತ್ತದೆ. ಬೊರಿವಲಿಯಲ್ಲಿ ರಾಷ್ಟ್ರೀಯ ಉದ್ಯಾನದ ಕಾಡು ಹತ್ತಿರವಿರುವುದರಿಂದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೆಲವು ವಾರಗಳ ಬೆಳಗಿನ ಜಾವವಾದರೂ ಚಳಿಯೆನ್ನಬಹುದಾದ ಚಳಿ ಇರುತ್ತದೆ. ನಮಗೆ ಸಿಗುವ ಅವಕಾಶ ಅಷ್ಟೇ.

ನೆಡುವುದರಲ್ಲೂ ಒಂದು ಸೂಕ್ಷ್ಮವಿದೆ. ಎಲೆಗಳೆಲ್ಲ ಹೊರಡುವ ಗಿಡದ ನೆತ್ತಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಹೂತುಹೋದರೆ ಕೊಳೆಯುತ್ತದೆ; ಮೇಲೆದ್ದರೆ ಬೇರು ಒಣಗುತ್ತದೆ. ಮಣ್ಣು ಸ್ವಲ್ಪ ಆಮ್ಲೀಯವಾಗಿರಬೇಕು, ನೀರು ನಿಲ್ಲಬಾರದು. ಹಣ್ಣು ಒದ್ದೆ ಮಣ್ಣನ್ನು ಮುಟ್ಟಿದರೆ ಬೂಸಲು ಬರುತ್ತದೆಂದು ರೈತರು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ನಾವು ತರಗೆಲೆ ಹಾಸಿದೆವು. ಕಟ್ಟಡದ ಹಿಂದಿನ ಬಾದಾಮಿ ಮರದ ಬುಡದಿಂದ ಆ ತರಗೆಲೆಯನ್ನು ಆರಿಸಿ ತಂದವರು ಪದಾರ್ಥವಾಗದ ಗಿಡವನ್ನು ಒಲ್ಲೆನೆಂದಿದ್ದ ನಮ್ಮ ತಾಯಿಯೇ.

ಡಿಸೆಂಬರಿನ ಕೊನೆಯಲ್ಲಿ ಐದೆಸಳಿನ ಬಿಳಿ ಹೂಗಳು ಬಂದವು. ಆದರೆ ಮೊದಲ ಕಾಯಿಗಳು ಒಂದು ಬದಿ ಉಬ್ಬಿ ಇನ್ನೊಂದು ಬದಿ ಮುರುಟಿಕೊಂಡವು. ಕಾರಣ ಹುಡುಕಿದಾಗ ನಮಗೊಂದು ಬೆರಗು ಕಾದಿತ್ತು. ನಾವು ಹಣ್ಣೆಂದು ತಿನ್ನುವ ಕೆಂಪು ತಿರುಳು ಸಸ್ಯಶಾಸ್ತ್ರದ ಪ್ರಕಾರ ಹಣ್ಣೇ ಅಲ್ಲ, ಹೂವಿನ ಪೀಠ. ಮೇಲೆ ಸಾಸಿವೆಯಂತೆ ಅಂಟಿಕೊಂಡಿರುವ ಒಂದೊಂದು ಕಾಳೂ ಒಂದೊಂದು ನಿಜವಾದ ಹಣ್ಣು. ಪರಾಗ ತಲುಪಿದ ಪ್ರತಿಯೊಂದು ಕಾಳೂ ತನ್ನ ಸುತ್ತಲಿನ ತಿರುಳನ್ನು ಉಬ್ಬಿಸುತ್ತದೆ. ತಲುಪದ ಕಡೆ ತಿರುಳು ಬೆಳೆಯುವುದಿಲ್ಲ. ಹೊಲದಲ್ಲಿ ಈ ಕೆಲಸವನ್ನು ಜೇನ್ನೊಣ ಮಾಡುತ್ತದೆ. ನಮ್ಮ ಮೂರನೆಯ ಮಹಡಿಗೆ, ಅದರಲ್ಲೂ ಪಾರಿವಾಳದ ಬಲೆಯ ಒಳಗೆ, ಜೇನ್ನೊಣ ಬರುವುದು ಅಪರೂಪ. ಹೀಗಾಗಿ 20 ರೂಪಾಯಿಯ ಕುಂಚ ಬಂತು. ಶಾಲೆಗೆ ಹೊರಡುವ ಮೊದಲು ನಮ್ಮ ಮಗಳು ಪ್ರತಿಯೊಂದು ಹೂವಿನ ಮೇಲೂ ಅದನ್ನು ಮೃದುವಾಗಿ ಸುತ್ತಿಸುತ್ತಿದ್ದಳು. ಮುಂದಿನ ಕಾಯಿಗಳು ಗುಂಡಗೆ ಬಂದವು.

ಮೊದಲು ಕೆಂಪೇರಿದ ಹಣ್ಣು ಬಲೆಯ ಹರಕಿನಲ್ಲಿ ನುಸುಳಿದ ಪಿಕಳಾರದ ಪಾಲಾಯಿತು. ಎರಡನೆಯದನ್ನು ನಾಲ್ಕು ಹೋಳು ಮಾಡಿ ನಾಲ್ವರೂ ತಿಂದೆವು. ಅಂಗಡಿಯ ಹಣ್ಣಿಗಿಂತ ಅದು ಸಿಹಿಯಾಗಿತ್ತೆಂದರೆ ಮಮಕಾರವೆಂದು ತಳ್ಳಿಹಾಕಬೇಡಿ. ಮಾವು, ಬಾಳೆಗಳಂತೆ ಸ್ಟ್ರಾಬೆರಿ ಕೊಯ್ದ ಮೇಲೆ ಹಣ್ಣಾಗಿ ಸಿಹಿಯಾಗುವುದಿಲ್ಲ. ದೂರದ ಪೇಟೆಗೆ ಹೋಗಬೇಕಾದ ಹಣ್ಣನ್ನು ಪೂರ್ತಿ ಕೆಂಪಾಗುವ ಮುನ್ನವೇ ಬಿಡಿಸಬೇಕಾಗುತ್ತದೆ; ಗಿಡದಲ್ಲಿಯೇ ಪೂರ್ಣವಾಗಿ ಮಾಗಿದ ಹಣ್ಣು ಅಷ್ಟು ದೂರದ ಪಯಣವನ್ನು ತಾಳಲಾರದು. ಆದುದರಿಂದ ಪೂರ್ತಿ ಮಾಗಿದ ಸ್ಟ್ರಾಬೆರಿಯನ್ನು ತಿನ್ನುವ ಭಾಗ್ಯ ಬೆಳೆದವರಿಗೆ ಮಾತ್ರ ಇರುತ್ತದೆ.

ಇಷ್ಟನ್ನು ಕಲಿತ ಮೇಲೆ ಇದನ್ನು ನಿಜವಾಗಿ ಬೆಳೆಯುವವರನ್ನು ನೋಡಬೇಕೆನ್ನಿಸಿತು. ಜನವರಿಯ ಒಂದು ಶನಿವಾರ ಬಸ್ಸು ಹಿಡಿದು, ವಾಯಿ ದಾಟಿ, ಪಸರಣಿ ಘಾಟಿಯನ್ನೇರಿ ಪಂಚಗಣಿಗೆ ಹೋದೆವು. ಪಂಚಗಣಿ ಮತ್ತು ಮಹಾಬಳೇಶ್ವರಗಳ ನಡುವಿನ ಕೆಮ್ಮಣ್ಣಿನ ಇಳಿಜಾರುಗಳೇ ನಮ್ಮ ದೇಶದ ಸ್ಟ್ರಾಬೆರಿಯ ತವರು. ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಅಲ್ಲಿಯ ಭಿಲಾರ ಎಂಬ ಹಳ್ಳಿಯನ್ನು ಸಾಹಿತ್ಯಾಸಕ್ತರು ನೋಡಲೇಬೇಕು. ಮಹಾರಾಷ್ಟ್ರ ಸರಕಾರ 2017ರ ಮೇ ತಿಂಗಳಲ್ಲಿ ಅದನ್ನು ‘ಪುಸ್ತಕಾಂಚೆ ಗಾವ್’, ಅಂದರೆ ಪುಸ್ತಕಗಳ ಊರು ಎಂದು ಉದ್ಘಾಟಿಸಿತು. ಸ್ಟ್ರಾಬೆರಿ ಬೆಳೆಯುವ ಸಂಸಾರಗಳ ಮನೆಯ ಜಗಲಿ, ನಡುಮನೆಗಳಲ್ಲಿ, ದೇವಸ್ಥಾನದಲ್ಲಿ ಮರಾಠಿ ಗ್ರಂಥಗಳ ಕಪಾಟುಗಳಿವೆ. ಯಾರು ಬೇಕಾದರೂ ಕುಳಿತು ಓದಬಹುದು. ಅಲ್ಲಿ ಒಂದು ಮನೆಯ ಜಗಲಿಯಲ್ಲಿ ಕುಳಿತಾಗ ನಮ್ಮ ಗಮನ ಪುಸ್ತಕಕ್ಕಿಂತ ಅಂಗಳದಾಚೆಗಿನ ಹೊಲದ ಮೇಲೆಯೇ ಇತ್ತು.

ಹೆಂಗಸರು ನಸುಕಿನಿಂದಲೇ ಸಾಲುಗಳ ನಡುವೆ ನಡುಬಗ್ಗಿಸಿ ಹಣ್ಣು ಬಿಡಿಸುತ್ತಿದ್ದರು. ಹಣ್ಣನ್ನು ಮುಟ್ಟುವಂತಿಲ್ಲ, ತೊಟ್ಟನ್ನು ಉಗುರಿನಿಂದ ಚಿವುಟಬೇಕು. ಮನೆಯ ಯಜಮಾನರು ವಿವರಿಸಿದರು: ವಿದೇಶದಿಂದ ತಾಯಿಗಿಡ ತರಿಸಬೇಕು, ಮಳೆಗಾಲದಲ್ಲಿ ಅದರ ಹಂಬುಗಳಿಂದ ಸಸಿ ಎಬ್ಬಿಸಬೇಕು, ಮಳೆ ಹಿಂದೆಗೆದ ಮೇಲೆ ನೆಡಬೇಕು. ಫಸಲಿನ ನಡುವೆ ಒಂದು ರಾತ್ರಿಯ ಅಕಾಲ ಮಳೆ ಬಿದ್ದರೆ ಮಾಗಿದ ಹಣ್ಣೆಲ್ಲ ಹೋದಂತೆಯೇ. ನಮ್ಮ ಎಂಟು ಕುಂಡಗಳ ಸಂಗತಿಯನ್ನು ನಾವು ಸಂಕೋಚದಿಂದ ಹೇಳಿದೆವು. ಅವರು ನಗಲಿಲ್ಲ. “ನೆತ್ತಿ ಎಷ್ಟು ಮೇಲೆ ಇಟ್ಟಿರಿ?” ಎಂದು ಕೇಳಿದರು. ಒಬ್ಬ ಬೆಳೆಗಾರ ಇನ್ನೊಬ್ಬ ಬೆಳೆಗಾರನನ್ನು ಕೇಳುವ ಪ್ರಶ್ನೆ ಅದು. ಮೂವತ್ತೊಂದು ಹಣ್ಣುಗಳಿಗೆ ದೊರೆತ ಅತಿ ದೊಡ್ಡ ಬೆಲೆ ಆ ಪ್ರಶ್ನೆಯೇ ಎಂದು ನಮಗೆ ಅನ್ನಿಸಿತು.

ಹಿಂದಿರುಗುವ ಮುನ್ನ ಮಹಾಬಳೇಶ್ವರಕ್ಕೂ ಹೋಗಿ ಕೃಷ್ಣೆಯ ಉಗಮವನ್ನು ನೋಡಿದೆವು. ಕಲ್ಲಿನ ಗೋಮುಖದಿಂದ ಬೀಳುವ ಆ ಸಣ್ಣ ಧಾರೆಯೇ ಮುಂದೆ ಬೆಳಗಾವಿ, ಬಾಗಲಕೋಟೆ, ರಾಯಚೂರುಗಳ ಹೊಲಗಳಿಗೆ ನೀರುಣ್ಣಿಸುವ ಹೊಳೆ. ಬೊಗಸೆಯೊಡ್ಡಿದ ನಮ್ಮ ತಾಯಿ, ಇಷ್ಟು ದೂರ ಬಂದರೂ ನಮ್ಮೂರ ಕಡೆಯ ನೀರೇ ಸಿಕ್ಕಿತಲ್ಲ ಎಂದರು. ಕುಂದಾಪುರಕ್ಕೂ ಕೃಷ್ಣೆಗೂ ಸಂಬಂಧವಿಲ್ಲವೆಂದು ನಾವು ತಿದ್ದಲಿಲ್ಲ.

ಈಗ ನಮ್ಮ ಅಭಿಪ್ರಾಯಕ್ಕೆ ಬರೋಣ. ಮನೆಯ ತೋಟದ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ನಿಮ್ಮ ಹಣ್ಣು ತರಕಾರಿಯನ್ನು ನೀವೇ ಬೆಳೆದುಕೊಳ್ಳಿ, ಪೇಟೆಯ ಹಂಗು ಬೇಡ ಎನ್ನುವ ಉತ್ಸಾಹಿಗಳ ಮಾತು ಒಂದು. ಇದೆಲ್ಲ ಹೊಟ್ಟೆ ತುಂಬಿದವರ ಶೋಕಿ ಎನ್ನುವ ವ್ಯಂಗ್ಯದ ಮಾತು ಇನ್ನೊಂದು. ನಮಗೆ ಎರಡೂ ಒಪ್ಪಿಗೆಯಿಲ್ಲ. ಆರು ಅಡಿ ಗ್ರಿಲ್ಲಿನಲ್ಲಿ ಯಾರೂ ಸ್ವಾವಲಂಬಿಗಳಾಗಲಾರರು. ಹಾಗೆ ಆಸೆ ಹುಟ್ಟಿಸುವವರೇ ನೀಲಿ ಸ್ಟ್ರಾಬೆರಿಯ ಬೀಜವನ್ನೂ ಮಾರುತ್ತಾರೆ. ಶೋಕಿಯೆಂಬ ಮಾತು ಅರ್ಧ ನಿಜ. ಆದರೆ ಶೋಕಿಗೆ ಮನುಷ್ಯನನ್ನು ಬದಲಿಸುವ ಶಕ್ತಿಯಿಲ್ಲ, ಗಿಡಕ್ಕೆ ಇದೆ.

ಬದಲಾದದ್ದು ಏನೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಬೊರಿವಲಿ ಸ್ಟೇಷನ್ನಿನ ಪಶ್ಚಿಮಕ್ಕೆ ಚಳಿಗಾಲದ ಸಂಜೆಗಳಲ್ಲಿ ಹೆಂಗಸೊಬ್ಬರು ಸ್ಟ್ರಾಬೆರಿ ಡಬ್ಬಿಗಳನ್ನು ಇಟ್ಟುಕೊಂಡು ಕೂರುತ್ತಾರೆ. ಎಂಬತ್ತು ರೂಪಾಯಿಯ ಡಬ್ಬಿಯನ್ನು ಎಪ್ಪತ್ತಕ್ಕೆ, ಕತ್ತಲಾದ ಮೇಲೆ ಐವತ್ತಕ್ಕೆ ಕೇಳುವುದು ನಮ್ಮ ವರ್ಷಗಳ ರೂಢಿಯಾಗಿತ್ತು. ಕೆಳಗಿನ ಸಾಲಿನಲ್ಲಿ ಮೆತ್ತಗಾದ ಹಣ್ಣಿದೆಯೇ ಎಂದು ಡಬ್ಬಿಯನ್ನು ತಿರುಗಿಸಿ ನೋಡುವುದೂ ರೂಢಿಯೇ. ಕಳೆದ ಜನವರಿಯಿಂದ ನಮಗೆ ಆ ಚೌಕಾಸಿ ಸಾಧ್ಯವಾಗುತ್ತಿಲ್ಲ. ಒಂದು ಹಣ್ಣು ಕೆಂಪಾಗಲು ಎಷ್ಟು ಬೆಳಗುಗಳು ಬೇಕೆಂದು ನಮ್ಮ ಕೈಗಳಿಗೆ ಗೊತ್ತಾಗಿಬಿಟ್ಟಿದೆ. ನೀವು ಬಿಟ್ಟ ಹತ್ತು ರೂಪಾಯಿ ಭಿಲಾರದ ರೈತನಿಗೆ ತಲುಪುವುದಿಲ್ಲ, ಅದು ಮಾರುವವಳದು ಎಂದು ವಾದಿಸಬಹುದು. ನಿಜ. ಆದರೆ ಈ ಹಣ್ಣು ನಾಳೆಗೆ ಉಳಿಯುವುದಿಲ್ಲ. ಸಂಜೆ ಮಾರದ ಡಬ್ಬಿಯ ನಷ್ಟವನ್ನು ಹೊರುವವಳು ಅವಳೇ. ಬೆಳೆದ ಕೈಗೂ ಕೊಳ್ಳುವ ಕೈಗೂ ನಡುವೆ ನಿಂತ ಆ ಕೈಯೂ ದುಡಿಯುವ ಕೈಯೇ ಎಂಬುದು ಗಿಡ ಬೆಳೆಯುವ ಮುನ್ನ ನಮಗೆ ಹೊಳೆದಿರಲಿಲ್ಲ.

ಆದುದರಿಂದ ಮನೆಯ ತೋಟವನ್ನು ಇಳುವರಿಯಿಂದ ಅಳೆಯಬಾರದು. ಅದೊಂದು ಪಾಠಶಾಲೆ. ಅಕ್ಕಿ ಮಾಲ್‌ನಲ್ಲಿ ಹುಟ್ಟುತ್ತದೆಂದು ನಂಬಿ ಬೆಳೆಯುವ ಮಕ್ಕಳಿಗೆ ವರ್ಷಕ್ಕೆ ಮೂವತ್ತೊಂದು ಹಣ್ಣುಗಳ ಒಂದು ಪಾಠ ಬೇಕು. 1,890 ರೂಪಾಯಿಯನ್ನು ನಾವು ಹಣ್ಣಿನ ಖಾತೆಗೆ ಬರೆದದ್ದೇ ತಪ್ಪು. ಅದನ್ನು ಶಾಲೆಯ ಶುಲ್ಕದ ಖಾತೆಗೆ ಬರೆಯಬೇಕಿತ್ತು.

ಈ ಪಾಠಶಾಲೆ ಈಗ ಅಪಾಯದಲ್ಲಿದೆ. ಈ ಲೇಖನವನ್ನು ತಡಮಾಡದೆ ಬರೆಯಲು ಅದೇ ಕಾರಣ. ಬೊರಿವಲಿಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಗೋಪುರಗಳನ್ನು ಕಟ್ಟುವ ಪುನರ್ವಿಕಾಸದ ಕೆಲಸ ಓಣಿ ಓಣಿಯಲ್ಲೂ ನಡೆದಿದೆ. ನಮ್ಮ ಸೊಸೈಟಿಯ ಸಭೆಯಲ್ಲಿ ನಕ್ಷೆಗಳನ್ನು ತೋರಿಸಿದಾಗ ವ್ಯಾಯಾಮಶಾಲೆ, ಈಜುಕೊಳ, ನೋಡಲು ಮಾತ್ರ ಅಂದವಾದ ಹಸಿರು ಹಾಸು, ಎಲ್ಲವೂ ಇದ್ದವು. ಕಿಟಕಿಗಳು ನುಣುಪು ಗಾಜಿನವು. ಹೊರಗೆ ಏನನ್ನೂ ಚಾಚುವಂತಿಲ್ಲ. ಎಲ್ಲರೂ ಹೊಸ ಮನೆಯ ಚದರಡಿಗಳನ್ನು ಎಣಿಸುತ್ತಿದ್ದಾಗ ನಮ್ಮ ತಾಯಿ ನಮ್ಮ ಕಿವಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಕುಂಡ ಎಲ್ಲಿ ಇಡೂದು?” ಅದನ್ನು ನಾವು ಎದ್ದು ನಿಂತು ಕೇಳಿದೆವು. ಕೆಲವರು ನಕ್ಕರು. ಉತ್ತರ ಬರಲಿಲ್ಲ.

ಕುಂಡದ ನೀರು ಕೆಳಮನೆಯವರ ಒಣಗಿದ ಬಟ್ಟೆಯ ಮೇಲೆ ಸುರಿಯುತ್ತದೆ, ಬೇರು ಗೋಡೆಯನ್ನು ಸೀಳುತ್ತದೆ ಎಂಬ ದೂರುಗಳಲ್ಲಿ ಹುರುಳಿದೆ. ನಮ್ಮ ಮೇಲೂ ಒಮ್ಮೆ ದೂರು ಬಂದಿತ್ತು. ಕುಂಡಗಳ ಕೆಳಗೆ ತಟ್ಟೆಗಳನ್ನಿಟ್ಟು ಸರಿಪಡಿಸಿದೆವು. ದೂರಿಗೆ ಪರಿಹಾರವಿದೆ. ನೀರು ಇಂಗದಂತೆ ಭದ್ರಪಡಿಸಿದ ತಾರಸಿಯ ಒಂದು ಮೂಲೆಯನ್ನು ಕುಂಡಗಳಿಗೆ ಬಿಡಬಹುದು. ಅಡುಗೆಮನೆಯ ಕಿಟಕಿಯ ಒಳಗೊಂದು ಅಗಲವಾದ ಕಟ್ಟೆ ಕಟ್ಟಿಸಬಹುದು. ಈಜುಕೊಳದ ಖರ್ಚಿನ ಮುಂದೆ ಅದೊಂದು ಖರ್ಚೇ ಅಲ್ಲ. ನಕ್ಷೆಗೆ ಸಹಿ ಹಾಕುವ ಮುನ್ನ ಈ ಪ್ರಶ್ನೆಯನ್ನು ನಿಮ್ಮ ನಿಮ್ಮ ಸೊಸೈಟಿಗಳಲ್ಲಿ ಕೇಳಿರೆಂದು ಓದುಗರಲ್ಲಿ ನಮ್ಮ ವಿನಂತಿ. ಸಹಿಯಾದ ಮೇಲೆ ಕೇಳಿ ಫಲವಿಲ್ಲ.

ಮಾರ್ಚ್ ಬಂತು, ಹೂವು ನಿಂತಿತು. ಒಂದು ದಿನ ಗಿಡವೊಂದರಿಂದ ಉದ್ದನೆಯ ತೆಳುವಾದ ಹಂಬು ಹೊರಟು ಗ್ರಿಲ್ಲಿನ ಅಂಚಿನಲ್ಲಿ ತೂಗುತ್ತಿತ್ತು; ತುದಿಯಲ್ಲಿ ಎರಡು ಪುಟ್ಟ ಎಲೆಗಳು. ಹಂಬನ್ನು ಕತ್ತರಿಸಿ ಬೇರೆ ಕುಂಡದಲ್ಲಿ ನೆಡೋಣವೆಂದು ಕತ್ತರಿ ಹಿಡಿದಿದ್ದೆವು. ತಾಯಿ ಕೈ ಹಿಡಿದರು. ಅವರು ಸ್ಟ್ರಾಬೆರಿಯ ಬಗ್ಗೆ ಒಂದಕ್ಷರ ಓದಿದವರಲ್ಲ. ಆದರೆ ಮಲ್ಲಿಗೆಯ ಕೊಂಬೆಯನ್ನು ಬಗ್ಗಿಸಿ, ಮಣ್ಣಿಗೊತ್ತಿ, ಮೇಲೊಂದು ಕಲ್ಲಿಟ್ಟು ಹೊಸ ಗಿಡ ಎಬ್ಬಿಸಿದವರು. ಪಕ್ಕದಲ್ಲಿ ಮಣ್ಣು ತುಂಬಿದ ಪುಟ್ಟ ಕುಂಡವೊಂದನ್ನಿಟ್ಟು, ಹಂಬಿನ ತುದಿಯನ್ನು ಅದರ ಮೇಲೆ ಕೂರಿಸಿ, ತಲೆಯಿಂದ ತೆಗೆದ ಹೇರ್‌ಪಿನ್ನನ್ನು ಚುಚ್ಚಿ ನಿಲ್ಲಿಸಿದರು. “ಈಗ್ಳೇ ಕೊಯ್ಬೇಡ ಮಗಾ. ಬೇರ್ ಬಿಡ್ಲಿ. ಅಲ್ಲಿವರೆಗೆ ಅಬ್ಬಿ ಹಾಲೇ ಕುಡೀಲಿ.”

ಅಂದಿನಿಂದ ಆ ಕುಂಡ ಅವರದು. ಹೀಗೆ ಮೂರು ಮರಿಗಿಡಗಳಾದವು. ತಾಯಿಗಿಡಗಳೆಂಟೂ ಮೇ ತಿಂಗಳ ಬಿಸಿಲಿಗೆ ಒಂದೊಂದಾಗಿ ಒಣಗಿದವು. ಅದಕ್ಕೆ ನಾವು ದುಃಖಿಸಲಿಲ್ಲ. ನಾಲ್ಕು ತಿಂಗಳ ಅತಿಥಿಯೆಂದು ತಿಳಿದೇ ಕರೆದದ್ದು. ಮರಿಗಳನ್ನು ಅಡುಗೆಮನೆಯ ನೆರಳಿಗೆ ಸರಿಸಿದೆವು. ಜುಲೈ ತಿಂಗಳ ಮಳೆಯ ತೇವಕ್ಕೆ ಎರಡು ಕೊಳೆತವು. ಒಂದು ಉಳಿಯಿತು.

ಈಗ ಅಕ್ಟೋಬರ್. ಮೊನ್ನೆ ಭಾನುವಾರ ಹೊಸ ಸಸಿಗಳಿಗೆ ಹೇಳಿಬಂದೆವು. ಎಷ್ಟು ಎಂದು ನರ್ಸರಿಯವನು ಕೇಳಿದಾಗ ಬಾಯಲ್ಲಿ ಎಂಟು ಎಂದೇ ಬಂತು. ಜೊತೆಗಿದ್ದ ತಾಯಿ ತಿದ್ದಿದರು: “ಏಳು ಸಾಕು. ಒಂದ್ ಮನೇಲಿತ್ತ್.”